ಯುದ್ಧದ ನೆರಳಿನಲ್ಲಿ ಮೂರು ತಲೆಮಾರು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಚರಿತ್ರೆಯ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಇಗರ್ಜಿಯ ಕಟ್ಟಡ, ಸೇವೆ ಸಲ್ಲಿಸಿದ ಧರ್ಮಗುರುಗಳು, ಸಂಘ ಸಂಸ್ಥೆಗಳು ಇವುಗಳ ವಿವರವನ್ನು ಇತರರು ಸಮರ್ಥವಾಗಿ ಬರೆದಿರುವುದರಿಂದ, ನಾನು ಬೇರೊಂದು ಬಗೆಯ ಚರಿತ್ರೆಯತ್ತ ನಿಮ್ಮ ಗಮನವನ್ನು ಸೆಳೆಯಲು ಬಯಸಿದೆನು. ಅದು ಮನೆಗಳ ಚರಿತ್ರೆ. ನಮ್ಮ ಸೀಮೆಯ ಮೇಲೆ ಹಾದುಹೋದ ಯುದ್ಧಗಳ ಕಾಲದಲ್ಲಿ ಅಜ್ಜ, ತಂದೆ, ಮೊಮ್ಮಗ ಎಂಬ ಮೂರು ತಲೆಮಾರಿನವರು ಹೇಗೆ ಬಾಳಿದರು, ಮಕ್ಕಳು ಹೇಗೆ ಪ್ರಾಯಕ್ಕೆ ಬಂದರು ಎಂಬ ವಿಚಾರ ಸರಕಾರದ ದಫ್ತರಗಳಲ್ಲಿ ಸಿಗುವುದು ವಿರಳ. ಅದನ್ನು ಕಾಪಾಡಿಕೊಟ್ಟವರು ಹೆಚ್ಚಾಗಿ ಕಾದಂಬರಿಕಾರರು. ಅದೃಷ್ಟವಶಾತ್ ಅಂಥ ಇಬ್ಬರು ಹಿರಿಯ ಲೇಖಕರು ನಮಗೆ ತೀರ ಸಮೀಪದವರು. ಒಬ್ಬರು ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರು, ಇನ್ನೊಬ್ಬರು ಇಂದಿನ ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಜನಿಸಿದ ನಿರಂಜನರು.

ಯುದ್ಧ ಮತ್ತು ಸಂಸಾರ ಎರಡನ್ನೂ ಒಂದೇ ಗ್ರಂಥದಲ್ಲಿ ಹೆಣೆದ ಕೃತಿಗಳಲ್ಲಿ ಜಗತ್ತೇ ಕೊಂಡಾಡುವಂಥದು ರಷ್ಯದ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’. ಅದು ಕನ್ನಡಕ್ಕೂ ಬಂದಿದೆ. 1812ರಲ್ಲಿ ನೆಪೋಲಿಯನ್ ರಷ್ಯದ ಮೇಲೆ ಏರಿಬಂದ ಕಥೆ ಅಲ್ಲಿದೆಯಾದರೂ, ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಸೇನಾಪತಿಗಳ ಹೆಸರುಗಳಿಗಿಂತ ಹೆಚ್ಚಾಗಿ ರೊಸ್ತೋವ್ ಮನೆತನದ ಕಿರಿಯ ಮಗನಾದ ಪೇತ್ಯನ ಮುಖ. ಮೀಸೆ ಇನ್ನೂ ಸರಿಯಾಗಿ ಮೂಡದ ಆ ಹುಡುಗ ಹಟ ಹಿಡಿದು ಸೈನ್ಯಕ್ಕೆ ಸೇರಿ ಗುಂಡಿಗೆ ಬಲಿಯಾಗುತ್ತಾನೆ. ಸುದ್ದಿ ಬಂದ ದಿನ ತಾಯಿ ಒಮ್ಮೆಲೇ ಮುದುಕಿಯಾಗುತ್ತಾಳೆ. ಯುದ್ಧವೆಂದರೇನೆಂಬುದನ್ನು ಹತ್ತು ಅಧ್ಯಾಯಗಳ ಚರಿತ್ರೆಗಿಂತ ಆ ಒಂದು ಸಾವು ಚೆನ್ನಾಗಿ ತಿಳಿಸುತ್ತದೆ. ಇಂಥ ಕಥೆಗಾಗಿ ನಾವು ರಷ್ಯದವರೆಗೆ ಹೋಗಬೇಕಾಗಿಲ್ಲ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ದಾರಿಯ ಬದಿಯ ಊರು

ಅರಂತೋಡು ದಾರಿಯ ಬದಿಯ ಊರು. ಕೊಡಗಿನ ಬೆಟ್ಟವನ್ನಿಳಿದು ಸಂಪಾಜೆಯ ಮೂಲಕ ಬರುವ ರಸ್ತೆ ನಮ್ಮ ಊರನ್ನು ಹಾದು ಸುಳ್ಯ, ಪುತ್ತೂರುಗಳ ಮಾರ್ಗವಾಗಿ ಮಂಗಳೂರಿನ ಕಡಲನ್ನು ಸೇರುತ್ತದೆ. ಪಯಸ್ವಿನಿಯೂ ಇದೇ ಕಣಿವೆಯಲ್ಲಿ ಹರಿದು, ಮುಂದೆ ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ ಸಮುದ್ರಕ್ಕೆ ಸೇರುತ್ತದೆ. ಘಟ್ಟಕ್ಕೂ ಕರಾವಳಿಗೂ ನಡುವಿನ ದಾರಿಯಲ್ಲಿ ಉಪ್ಪು, ಅಕ್ಕಿ, ಅಡಿಕೆ ಸಾಗುವಂತೆಯೇ ದಂಡೂ ಸಾಗುತ್ತದೆ. ಆದುದರಿಂದ, ರಾಜಧಾನಿಗಳಿಂದ ದೂರವಿದ್ದೇವೆಂಬ ಕಾರಣಕ್ಕೆ ಯುದ್ಧದಿಂದಲೂ ದೂರವಿದ್ದೆವೆಂದು ಈ ಸೀಮೆಯವರು ಎಂದಿಗೂ ಹೇಳುವಂತಿರಲಿಲ್ಲ.

1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಅಲ್ಲಿಯವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಅಮರ ಸುಳ್ಯದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಜೋಡಿಸಿದರು. ನಕ್ಷೆಯ ಮೇಲೆ ಇದೊಂದು ಗೆರೆಯ ಬದಲಾವಣೆ ಮಾತ್ರ. ಆದರೆ ರೈತನ ಮನೆಯಲ್ಲಿ ಅದರ ಅರ್ಥ ಬೇರೆಯಾಗಿತ್ತು. ಹಿಂದೆ ಬೆಳೆದ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ಸಲ್ಲಿಸಬೇಕಾಯಿತು. ಬೆಳೆಯಿದ್ದರೂ ಹಣವಿಲ್ಲದ ಸಂಸಾರಗಳು ಸಾಲಗಾರರ ಕೈಗೆ ಬಿದ್ದವು. ಇದರೊಂದಿಗೆ ಅರಸೊತ್ತಿಗೆಯ ಮೇಲಿನ ಅಭಿಮಾನವೂ ಸೇರಿಕೊಂಡಿತು.

ಇದರ ಪರಿಣಾಮವೇ 1837ರ ಬಂಡಾಯ. ಕೆದಂಬಾಡಿ ರಾಮಯ್ಯ ಗೌಡರು ಮತ್ತಿತರ ಮುಖಂಡರು ಜನರನ್ನು ಸಂಘಟಿಸಿದರು. ಮದುವೆಯ ನೆಪದಲ್ಲಿ ಜನ ಕೂಡಿದರೆಂದು ಸೀಮೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ದಂಡಿನ ನಾಯಕನಾದನು. ಮಾರ್ಚ್ 30ರಂದು ಬೆಳ್ಳಾರೆಯ ಖಜಾನೆ ಬಂಡಾಯಗಾರರ ವಶವಾಯಿತು. ಏಪ್ರಿಲ್ 5ರಂದು ಅವರು ಮಂಗಳೂರನ್ನು ಪ್ರವೇಶಿಸಿ ಬಾವುಟಗುಡ್ಡದಲ್ಲಿ ತಮ್ಮ ಧ್ವಜವನ್ನು ಹಾರಿಸಿದರು. ಹದಿಮೂರು ದಿನಗಳ ಕಾಲ ಪಟ್ಟಣ ಅವರ ಕೈಯಲ್ಲಿತ್ತು. ಬಳಿಕ ಹೊರಗಿನಿಂದ ಇಂಗ್ಲಿಷ್ ಸೈನ್ಯ ಬಂದು ಬಂಡಾಯವನ್ನು ಅಡಗಿಸಿತು. ಪುಟ್ಟಬಸಪ್ಪ ಹಾಗೂ ನಂದಾವರದ ಲಕ್ಷ್ಮಪ್ಪ ಬಂಗರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಲಾಯಿತು. ಕೆಲವರನ್ನು ಕಡಲಾಚೆಗೆ ಗಡೀಪಾರು ಮಾಡಿದರು.

ಗೆದ್ದವರ ಕಾಲದಲ್ಲಿ ಈ ಘಟನೆಗೆ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ಉಪದ್ರವ. ಮೊಮ್ಮಕ್ಕಳ ಕಾಲಕ್ಕೆ ಅದು ‘ಅಮರ ಸುಳ್ಯದ ಸ್ವಾತಂತ್ರ್ಯ ಸಮರ’ವಾಯಿತು. 2022ರಲ್ಲಿ ಬಾವುಟಗುಡ್ಡದಲ್ಲಿಯೇ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಎದ್ದುನಿಂತಿತು. ಈ ನಡುವಿನ ಕಾಲದಲ್ಲಿ, ದಂಡಿಗೆ ಹೋದವನ ಮನೆಯವರು ಅವನ ಹೆಸರನ್ನು ಯಾರೊಡನೆ, ಎಷ್ಟು ಮೆಲ್ಲಗೆ ಆಡಿರಬಹುದು? ಬಂಡಾಯಗಾರನ ಮಗನೆನಿಸಿಕೊಂಡು ಬೆಳೆದ ಹುಡುಗನಿಗೆ ಊರಿನ ಪಟೇಲರ ಮುಂದೆ ನಿಲ್ಲುವುದು ಹೇಗಿದ್ದಿರಬಹುದು? ದಫ್ತರದಲ್ಲಿ ಇಂಥ ಪ್ರಶ್ನೆಗಳಿಗೆ ಎಡೆಯಿಲ್ಲ. ನಿರಂಜನರು ಈ ಬಂಡಾಯವನ್ನೇ ವಸ್ತುವಾಗಿರಿಸಿಕೊಂಡು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯನ್ನು ಬರೆದರು. ಕಾಟಕಾಯಿಯೆಂದು ಕರೆಸಿಕೊಂಡವರನ್ನು ಹೆಂಡಿರು ಮಕ್ಕಳುಳ್ಳ ಮನುಷ್ಯರನ್ನಾಗಿ ಓದುಗರ ಮುಂದೆ ನಿಲ್ಲಿಸಿದ್ದು ಆ ಕೃತಿಯ ದೊಡ್ಡ ಉಪಕಾರ.

ಮಣ್ಣಿಗೆ ಮರಳಿದ ಮೊಮ್ಮಗ

ಮೂರು ತಲೆಮಾರುಗಳ ಕಥೆಯನ್ನು ಕನ್ನಡದಲ್ಲಿ ಹೇಳಿದ ಕೃತಿಗಳಲ್ಲಿ ಕಾರಂತರ ‘ಮರಳಿ ಮಣ್ಣಿಗೆ’ಗೆ ಅಗ್ರಸ್ಥಾನವಿದೆ. ಅದು ಪ್ರಕಟವಾದುದು 1941ರಲ್ಲಿ, ಎರಡನೆಯ ಮಹಾಯುದ್ಧದ ನಡುಗಾಲದಲ್ಲಿ. ಕಥೆಯ ಸ್ಥಳ ಘಟ್ಟದ ಬುಡವಲ್ಲ, ಉತ್ತರದ ಕಡಲತೀರದ ಕೋಡಿ. ಮೊದಲ ತಲೆಮಾರಿನ ರಾಮ ಐತಾಳರು ಪೌರೋಹಿತ್ಯ, ಬೇಸಾಯಗಳಿಂದ ಬದುಕುವವರು. ಅವರ ಮನೆಯನ್ನು ನಿಜವಾಗಿ ಹೊತ್ತು ನಿಲ್ಲಿಸಿದವರು ಹೆಂಡತಿ ಪಾರೋತಿ ಮತ್ತು ವಿಧವೆಯಾದ ತಂಗಿ ಸರಸೋತಿ. ಎರಡನೆಯ ತಲೆಮಾರಿನ ಲಚ್ಚ ಇಂಗ್ಲಿಷ್ ವಿದ್ಯೆಗಾಗಿ ಪೇಟೆ ಸೇರಿ, ದುರ್ವ್ಯಸನಗಳಿಗೆ ಬಿದ್ದು, ಮನೆತನವನ್ನು ಹಾಳುಗೆಡವುತ್ತಾನೆ. ಅವನ ಹೆಂಡತಿ ನಾಗವೇಣಿ ಸಹನೆಯಿಂದ ಬೆಳೆಸಿದ ಮಗ ರಾಮನೇ ಮೂರನೆಯ ತಲೆಮಾರು. ರಾಮನು ಮದ್ರಾಸಿಗೆ ಓದಲು ಹೋಗಿ, ಗಾಂಧೀಜಿಯವರ ಚಳವಳಿಗೆ ಧುಮುಕಿ, ಸೆರೆಮನೆ ಕಂಡು, ಕೆಲಸವಿಲ್ಲದೆ ಮುಂಬಯಿವರೆಗೆ ಅಲೆದು, ಕೊನೆಗೆ ಅಜ್ಜನ ಮಣ್ಣಿಗೆ ಮರಳುತ್ತಾನೆ.

ಇಲ್ಲಿ ತೋಪು ಬಂದೂಕುಗಳ ಯುದ್ಧವಿಲ್ಲ. ಆದರೂ ಆಯುಧವಿಲ್ಲದ ಆ ಹೋರಾಟವೂ ಮನೆಗೆ ಬಂದಾಗ ಯುದ್ಧದಂತೆಯೇ ವರ್ತಿಸುತ್ತದೆ. ಓದಿ ಉದ್ಯೋಗ ಹಿಡಿದು ತಾಯಿಯನ್ನು ಸಲಹಬೇಕಾದ ಮಗ ಸೆರೆಮನೆಗೆ ನಡೆಯುತ್ತಾನೆ. ದೇಶದ ಕರೆ ದೊಡ್ಡದೋ, ತಾಯಿಯ ಹಸಿವು ದೊಡ್ಡದೋ ಎಂಬ ಇಕ್ಕಟ್ಟಿನಲ್ಲಿ ನಿಂತ ದಿನ ರಾಮನು ಪ್ರಾಯಕ್ಕೆ ಬರುತ್ತಾನೆ. ಕಾರಂತರು ಈ ಪ್ರಶ್ನೆಗೆ ಸುಲಭದ ಉತ್ತರವನ್ನು ಕೊಡುವುದಿಲ್ಲ. ಗಂಡಸರು ಹೋಗುತ್ತಾರೆ, ಬರುತ್ತಾರೆ, ಕೆಲವರು ಕೆಡುತ್ತಾರೆ. ಗದ್ದೆಯಲ್ಲಿ ನಡು ಬಗ್ಗಿಸಿ ದುಡಿಯುವ ಹೆಂಗಸರು ಮಾತ್ರ ಕದಲದೆ ನಿಲ್ಲುತ್ತಾರೆ. ನಮ್ಮ ಗುಡ್ಡ ಬಯಲುಗಳಲ್ಲಿ ಅಡಿಕೆ ತೋಟ ಎಬ್ಬಿಸಿದ ಅಜ್ಜಿಯಂದಿರನ್ನು ಬಲ್ಲ ನಮಗೆ ಪಾರೋತಿ, ಸರಸೋತಿಯರು ಹೊಸಬರಾಗಿ ಕಾಣುವುದಿಲ್ಲ.

ಇಬ್ಬರು ಹುಡುಗರು

ಇನ್ನು ನಿರಂಜನರ ‘ಚಿರಸ್ಮರಣೆ’. 1955ರಲ್ಲಿ ಹೊರಬಂದ ಈ ಕಾದಂಬರಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿಯೇ ನಡೆದ ಘಟನೆಯನ್ನು ಆಧರಿಸಿದೆ. ‘ನಮ್ಮ ಜಿಲ್ಲೆ’ ಎಂದು ಹೇಳಲು ಕಾರಣವಿದೆ. ತೇಜಸ್ವಿನಿ ಹೊಳೆಯ ದಡದ ಕಯ್ಯೂರು ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕಿನೊಂದಿಗೆ ಅದು ಕೇರಳಕ್ಕೆ ಹೋಯಿತು. ಅಲ್ಲಿಗೆ ಸಮೀಪದ ನೀಲೇಶ್ವರದಲ್ಲಿ ನಿರಂಜನರು ಹುಡುಗನಾಗಿ ಶಾಲೆಯಲ್ಲಿ ಕಲಿತಿದ್ದರು. ಆದ್ದರಿಂದ ಆ ಹೊಳೆ, ಆ ಜನ ಅವರಿಗೆ ಅಪರಿಚಿತವಾಗಿರಲಿಲ್ಲ. ತಮ್ಮ ಮಗಳಿಗೂ ಅವರು ತೇಜಸ್ವಿನಿ ಎಂಬ ಹೆಸರನ್ನೇ ಇಟ್ಟರು. ‘ಚಿರಸ್ಮರಣೆ’ಯನ್ನು ಇಂಗ್ಲಿಷಿಗೆ ಅನುವಾದಿಸಿದವರು ಆ ಮಗಳೇ.

1939ರ ಸೆಪ್ಟೆಂಬರಿನಲ್ಲಿ ಭಾರತೀಯರನ್ನು ಒಂದು ಮಾತೂ ಕೇಳದೆ ಬ್ರಿಟಿಷ್ ಸರಕಾರ ಭಾರತವನ್ನು ಯುದ್ಧಕ್ಕೆ ಎಳೆಯಿತು. ಅದನ್ನು ಪ್ರತಿಭಟಿಸಿ ಮದರಾಸಿನ ರಾಜಾಜಿ ಮಂತ್ರಿಮಂಡಲ ಅದೇ ವರ್ಷ ರಾಜೀನಾಮೆ ಕೊಟ್ಟಿತು. ಯುದ್ಧಕಾಲದ ಕಠಿನ ಕಾನೂನುಗಳು ಜಾರಿಗೆ ಬಂದವು. ಇಂಥ ದಿನಗಳಲ್ಲಿ ಕಯ್ಯೂರಿನ ಗೇಣಿದಾರ ರೈತರು ಜಮೀನ್ದಾರರ ಅಕ್ರಮ ವಸೂಲಿಗಳ ವಿರುದ್ಧ ಸಂಘಟಿತರಾಗಿದ್ದರು. 1941ರ ಮಾರ್ಚ್ ತಿಂಗಳಲ್ಲಿ ಪೊಲೀಸರು ಊರಿಗೆ ನುಗ್ಗಿ ಹಲವರನ್ನು ಹಿಡಿದು ಹೊಡೆದರು. ಮಾರ್ಚ್ 28ರಂದು ಅದನ್ನು ಪ್ರತಿಭಟಿಸುವ ಮೆರವಣಿಗೆಯ ಎದುರಿಗೆ ಸುಬ್ಬರಾಯನೆಂಬ ಪೊಲೀಸ್ ಪೇದೆ ಸಿಕ್ಕಿದನು. ಜನರ ರೋಷಕ್ಕೆ ಗುರಿಯಾದ ಅವನು ಹೊಳೆಗೆ ಹಾರಿ ಮುಳುಗಿ ಸತ್ತನು. ಮೊಕದ್ದಮೆ ನಡೆದು ಮರಣದಂಡನೆಗೆ ಗುರಿಯಾದ ಐವರಲ್ಲಿ ಮಠತ್ತಿಲ್ ಅಪ್ಪು, ಕೊಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಞ್ಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನು ಇನ್ನೂ ಪ್ರಾಯಕ್ಕೆ ಬಂದವನಲ್ಲವೆಂದು ಅವನ ಜೀವ ಉಳಿಯಿತು.

ಈ ಕೊನೆಯ ಮಾತನ್ನು ಓದಿದಾಗಲೆಲ್ಲ ನನ್ನ ಮನಸ್ಸು ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲುತ್ತದೆ. ಇನ್ನೂ ಮೊದಲು ಹುಟ್ಟಿದ್ದರೆ ಅವನೂ ಹೋಗುತ್ತಿದ್ದನು. ಮಗ ದೊಡ್ಡವನಾದನೆಂದು ಹಿಗ್ಗಬೇಕಾದ ತಾಯಿ, ಅವನು ಇನ್ನೂ ಚಿಕ್ಕವನೆಂದು ರುಜುವಾಗಲಿ ಎಂದು ಹರಕೆ ಹೊರುವ ಕಾಲವದು. ನಿರಂಜನರ ಕಾದಂಬರಿ ಹಿಡಿದಿರುವುದು ಇದೇ ಎಳೆಯನ್ನು. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ಶಾಲೆಯ ಮಾಸ್ತರರ ಪ್ರೀತಿಯಲ್ಲಿ, ಪುಸ್ತಕಗಳ ಬೆಳಕಿನಲ್ಲಿ ಬೆಳೆಯುತ್ತಾರೆ. ತಮ್ಮ ಮನೆಯ ಬಡತನಕ್ಕೆ ಕಾರಣವೇನೆಂದು ಕೇಳಲು ಕಲಿಯುತ್ತಾರೆ. ಕೇಳಿದ ಪ್ರಶ್ನೆಯ ಬೆಲೆಯನ್ನು ಪ್ರಾಣದಿಂದ ತೆರುತ್ತಾರೆ. ನಿರಂಜನರು ಸಾಮ್ಯವಾದಿ ವಿಚಾರಗಳನ್ನು ಒಪ್ಪಿದ್ದವರು. ಆ ವಿಚಾರಗಳೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಸೆಮಿನರಿಯ ದಿನಗಳಲ್ಲಿ ಈ ಪುಸ್ತಕವನ್ನು ನಾನು ಸ್ವಲ್ಪ ಅಳುಕಿನಿಂದಲೇ ಕೈಗೆತ್ತಿಕೊಂಡಿದ್ದೆ. ಓದಿ ಮುಗಿಸಿದ ರಾತ್ರಿ ನನ್ನ ಮುಂದಿದ್ದುದು ಯಾವ ವಾದವೂ ಅಲ್ಲ, ಇಬ್ಬರು ಹುಡುಗರ ತಂದೆ ತಾಯಂದಿರು.

ಆದರೆ ಹೊಳೆಯಲ್ಲಿ ಮುಳುಗಿದ ಆ ಪೇದೆಯೂ ಯಾವುದೋ ತಾಯಿಯ ಮಗನೇ. ಅವನ ಮನೆಯಲ್ಲಿಯೂ ಆ ಸಂಜೆ ಅನ್ನ ಕಾದಿರಬೇಕು. ಕಯ್ಯೂರಿನ ನಾಲ್ವರಿಗೆ ಕಾದಂಬರಿ ದೊರೆಯಿತು, ಸ್ಮಾರಕ ದೊರೆಯಿತು, ಅದು ನ್ಯಾಯವೇ. ಪೇದೆಯ ಮನೆಯವರ ದುಃಖ ಮಾತ್ರ ಮೊಕದ್ದಮೆಯ ಒಂದು ಸಾಲಿನಾಚೆಗೆ ನಮಗೆ ಕಾಣಿಸುವುದಿಲ್ಲ. ಎರಡೂ ಮನೆಗಳ ಅಳುವನ್ನು ಒಟ್ಟಿಗೆ ಕೇಳಬಲ್ಲ ಕಿವಿ ನಮಗಿರಬೇಕು.

ಇದೇ ಯುದ್ಧ ಉಳಿದ ಮನೆಗಳನ್ನೂ ಬಿಡಲಿಲ್ಲ. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾದೊಡನೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಗದ್ದೆಗಿಂತ ಗುಡ್ಡವೇ ಹೆಚ್ಚಾಗಿರುವ ಸೀಮೆಯಲ್ಲಿ ಅಕ್ಕಿ ನಿಂತರೆ ಮನೆಯ ಹಿರಿಯಳಿಗೆ ಬೇರೆ ಯುದ್ಧವಾರ್ತೆ ಬೇಕಾಗಿಲ್ಲ. ಅದಕ್ಕೂ ಹಿಂದೆ, 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ, ಮಂಗಳೂರಿನ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿರಿಸಿತು. ಅವರ ಹಂಚಿನ, ನೇಯ್ಗೆಯ ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಯುರೋಪಿನಲ್ಲಿ ಹಾರಿದ ಗುಂಡು ನೇತ್ರಾವತಿಯ ದಡದ ಕೂಲಿಕಾರನ ಅಡುಗೆಮನೆಯವರೆಗೆ ಬಂದುದು ಹೀಗೆ.

ನಮ್ಮ ಹಿರಿಯರ ಹದಿನೈದು ವರ್ಷ

ಇಷ್ಟನ್ನು ಹೇಳಿದ ಮೇಲೆ ನಮ್ಮ ಮನೆಯ ಕಥೆಗೆ ಬರಬೇಕು. ಮೈಸೂರಿನ ಟಿಪ್ಪುಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಯುದ್ಧದ ಸಂದರ್ಭದಲ್ಲಿ, ಶತ್ರುಗಳಿಗೆ ನೆರವಾದರೆಂಬ ಸಂಶಯದ ಮೇಲೆ, ಕೆನರಾದ ಕೊಂಕಣಿ ಕ್ರೈಸ್ತರನ್ನು 1784ರ ಫೆಬ್ರವರಿಯಲ್ಲಿ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅದು ವಿಭೂತಿ ಬುಧವಾರದ ದಿನವೆಂದು ಪರಂಪರೆ ಹೇಳುತ್ತದೆ. ಒಯ್ದವರ ಸಂಖ್ಯೆಯ ವಿಷಯದಲ್ಲಿ ಬರೆದವರು ಒಮ್ಮತದಲ್ಲಿಲ್ಲ. ಮೂವತ್ತು ಸಾವಿರವೆಂಬುದರಿಂದ ಎಂಬತ್ತು ಸಾವಿರವೆಂಬುದರವರೆಗೆ ಲೆಕ್ಕಗಳಿವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಯುವಕರನ್ನು ಸೈನ್ಯದ ದಳಗಳಿಗೆ ಸೇರಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಮಡಿದ ಬಳಿಕವೇ ಉಳಿದವರು ಕರಾವಳಿಗೆ ಮರಳಿದರು.

ಹದಿನೈದು ವರ್ಷ! ಐದು ವರ್ಷದ ಮಗುವಾಗಿ ತಾಯಿಯ ಸೊಂಟದ ಮೇಲೆ ಘಟ್ಟ ಹತ್ತಿದವನು ಇಪ್ಪತ್ತರ ತರುಣನಾಗಿ ಇಳಿದುಬಂದನು. ಅವನ ಬಾಲ್ಯವೆಲ್ಲ ಕಳೆದುದು ಸೆರೆಯಲ್ಲಿ. ತನ್ನ ಊರೆಂದು ಇತರರು ತೋರಿಸಿದ ಊರು ಅವನಿಗೆ ನೆನಪಿರಲಿಲ್ಲ. ಗದ್ದೆಯಲ್ಲಿ ಬೇರೆಯವರಿದ್ದರು, ಇಗರ್ಜಿ ನೆಲಸಮವಾಗಿತ್ತು. ಕಲೆಕ್ಟರ್ ಮನ್ರೋ ಅವರ ಕಾಲದಲ್ಲಿ ಕೆಲವರು ಜಮೀನನ್ನು ಮರಳಿ ಪಡೆದರು; ಉಳಿದವರು ಒಕ್ಕಲಾಗಿ ಹೊಸದಾಗಿ ಆರಂಭಿಸಿದರು. ಇದಕ್ಕಿಂತ ದೊಡ್ಡ ಕಾದಂಬರಿಯ ವಸ್ತು ಬೇರೇನಿದೆ? ಕೊಂಕಣಿಯಲ್ಲಿ ‘ಖಡಾಪ್’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ವಿ. ಜೆ. ಪಿ. ಸಲ್ಡಾನ್ಹಾ ಅವರು ಈ ಸೆರೆವಾಸದ ಕಾಲವನ್ನು ಕುರಿತು ಐತಿಹಾಸಿಕ ಕಾದಂಬರಿಗಳನ್ನು ರಚಿಸಿ ಸಮಾಜದ ಋಣವನ್ನು ತೀರಿಸಲು ಶ್ರಮಿಸಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ನನ್ನ ಕರ್ತವ್ಯ. ಹಿರಿಯರ ಸಂಕಟವನ್ನು ನೆನೆಯುವುದು ಇಂದಿನ ನೆರೆಹೊರೆಯವರ ಮೇಲೆ ಮನಸ್ಸು ಕಹಿ ಮಾಡಿಕೊಳ್ಳುವುದಕ್ಕಾಗಿ ಅಲ್ಲ. ಇನ್ನೂರ ನಲವತ್ತು ವರ್ಷಗಳ ಹಿಂದಿನ ಅರಸನ ಕೆಲಸಕ್ಕೆ ಇಂದು ನಮ್ಮೊಡನೆ ಸಂತೆಗೆ ಬರುವವನು ಹೊಣೆಯಲ್ಲ. ಕಯ್ಯೂರಿನಲ್ಲಿ ಅಪ್ಪು, ಚಿರುಕಂಡರ ಜೊತೆಗೆ ಅಬೂಬಕರನೂ ಒಂದೇ ದಿನ ನೇಣುಗಂಬವನ್ನು ಏರಿದನೆಂಬುದನ್ನು ಮರೆಯಬಾರದು.

ಬರೆಯದೆ ಹೋದ ಕಥೆ

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಗುರುದೀಕ್ಷೆ ಪಡೆದ ಮೊದಲ ವರ್ಷಗಳಲ್ಲಿ, ಬೇರೊಂದು ಊರಿನಲ್ಲಿ, ಮನೆಭೇಟಿಗೆ ಹೋದಾಗ ವೃದ್ಧೆಯೊಬ್ಬರು ತಗಡಿನ ಪೆಟ್ಟಿಗೆಯೊಂದನ್ನು ತೆರೆದು ತೋರಿಸಿದರು. ಅದರಲ್ಲಿ ಅವರ ಅಣ್ಣನ ಕಾಗದಗಳಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ ಬಸ್ರಾದವರೆಗೆ ಹೋದವರಂತೆ. “ಹೋಗುವಾಗ ಅವನಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ ಫಾದರ್. ಬರುವಾಗ ಅವನು ನಮ್ಮ ಅಪ್ಪನಿಗಿಂತ ಮುದುಕನಾಗಿದ್ದ” ಎಂದು ಆಕೆ ನಕ್ಕರು. ಅಣ್ಣನು ಕಳುಹಿಸಿದ ಮನಿಯಾರ್ಡರಿನಿಂದ ಅಕ್ಕಿ ತಂದ ಕಥೆ, ಕಾಗದ ಬಾರದ ಎಂಟು ತಿಂಗಳು ತಾಯಿ ದಿನಾಲೂ ಜಪಸರ ಹಿಡಿದು ಜಗಲಿಯಲ್ಲಿ ಕುಳಿತಿರುತ್ತಿದ್ದ ಕಥೆ, ಒಂದರ ಹಿಂದೆ ಒಂದಾಗಿ ಬಂದವು. ಹೊತ್ತು ಮುಳುಗುತ್ತಿತ್ತು, ಇನ್ನೂ ನಾಲ್ಕು ಮನೆಗಳಿದ್ದವು. ಮತ್ತೊಮ್ಮೆ ಬಂದು ಎಲ್ಲವನ್ನೂ ಬರೆದುಕೊಳ್ಳುತ್ತೇನೆಂದು ಹೇಳಿ ಎದ್ದೆನು. ಮಳೆಗಾಲ ಕಳೆದು ಹೋಗುವಾಗ ಆಕೆ ತೀರಿಕೊಂಡಿದ್ದರು. ಮನೆಗೆ ಸುಣ್ಣ ಬಳಿಯುವಾಗ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದರು. ಮೊಮ್ಮಗನಿಗೆ ಬಸ್ರಾ ಎಂಬ ಹೆಸರೂ ಗೊತ್ತಿರಲಿಲ್ಲ. ಆ ಮನೆಯವರನ್ನು ನಾನು ದೂರುವುದಿಲ್ಲ. ಕೇಳಿಸಿಕೊಂಡವನು ನಾನು, ಬರೆಯಬೇಕಾದವನೂ ನಾನೇ ಆಗಿದ್ದೆ.

ನಮ್ಮ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು ಅಮೂಲ್ಯವಾದವು. ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಸತ್ತ ದಿನ ಅವುಗಳಲ್ಲಿವೆ. ಆದರೆ ಎರಡು ತಾರೀಕುಗಳ ನಡುವೆ ಆ ಮನುಷ್ಯನು ಏನು ಉಂಡನು, ಯಾವುದಕ್ಕೆ ಹೆದರಿದನು, ಯಾವ ದಿನ ಮಗುತನವನ್ನು ಬಿಟ್ಟು ದೊಡ್ಡವನಾದನು ಎಂಬುದು ಮನೆಯ ಜಗಲಿಯಲ್ಲಿ ಮಾತ್ರ ಸಿಗುತ್ತದೆ. ಯುದ್ಧಕಾಲದ ಆ ಅಕ್ಕಿಯ ಅಭಾವವನ್ನು ಕಂಡು ನೆನಪಿಟ್ಟವರು ಇಂದು ತೊಂಬತ್ತರ ಆಸುಪಾಸಿನವರು. ಮನೆಗೊಬ್ಬರೂ ಸಿಗುವುದಿಲ್ಲ; ಹತ್ತು ಮನೆಗೆ ಒಬ್ಬರು ಸಿಕ್ಕಿದರೆ ಹೆಚ್ಚು.

ಆದುದರಿಂದ ಪ್ರಿಯ ಭಕ್ತಾದಿಗಳಲ್ಲಿ, ಅದರಲ್ಲೂ ಯುವಕ ಯುವತಿಯರಲ್ಲಿ, ನನ್ನ ಬಿನ್ನಹವಿಷ್ಟೆ. ಈ ಶತಮಾನೋತ್ಸವದ ನೆನಪಿಗಾಗಿ ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಒಂದು ಸಂಜೆ ಕುಳಿತುಕೊಳ್ಳಿರಿ. ಅವರು ಹೇಳಿದುದನ್ನು ಅವರದೇ ಮಾತಿನಲ್ಲಿ, ಕೊಂಕಣಿಯಾಗಲಿ, ತುಳುವಾಗಲಿ, ಅರೆಭಾಷೆಯಾಗಲಿ, ಮಲಯಾಳವಾಗಲಿ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿರಿ. ತಾರೀಕು ತಪ್ಪಿದರೂ ಚಿಂತೆಯಿಲ್ಲ, ತಾರೀಕು ತಿದ್ದುವವರು ಮುಂದೆ ಬಂದಾರು. ಕುಳ್ಕುಂದದ ಹುಡುಗನೊಬ್ಬ ಬೇರೆ ಭಾಷೆಯ ಜನರ ನಡುವೆ ಕಲಿತು, ಅವರ ಮಕ್ಕಳ ಕಥೆಯನ್ನು ಕನ್ನಡದಲ್ಲಿ ಚಿರಸ್ಮರಣೀಯವಾಗಿಸಿದನು. ನಮ್ಮ ಮನೆಯವರ ಕಥೆಯನ್ನು ನಾವೇ ಬರೆದಿಡಲಾರದಷ್ಟು ಬಡವರಲ್ಲ. ಇಂದು ರಾತ್ರಿ ಊಟವಾದ ಮೇಲೆ ಅಜ್ಜಿಯ ಬಳಿ ಕುಳಿತು ಕೇಳಿರಿ. ನನ್ನ ಹಾಗೆ ಇನ್ನೊಮ್ಮೆ ಬರುತ್ತೇನೆಂದು ಹೇಳಿ ಏಳಬೇಡಿರಿ.